ಈ ಹೆಸರಿನವರು ಇಲ್ಲ

೧೦ ಜೂನ್ ೨೦೨೪, ಸೋಮವಾರ

ದಿನಾ ಬರೆಯಬೇಕೆಂದು ಮಾತಿನ ಡಾಕ್ಟರು ಹೇಳಿದ್ದಾರೆ. ಯಾರೂ ಓದುವುದಿಲ್ಲ, ತಪ್ಪಾದರೂ ಪರವಾಗಿಲ್ಲ, ಹೆಸರು ಸಿಗದ ಕಡೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗಿ ಎಂದರು. ಮಗನ ಹಳೆಯ ನೋಟ್‌ಬುಕ್ ಸಿಕ್ಕಿತು. ಬಲಗೈ ಇನ್ನೂ ನಡುಗುತ್ತದೆ.

ನಾನು ಪರಶುರಾಮ. ಲಕ್ಷ್ಮೇಶ್ವರದಲ್ಲಿ ಪೋಸ್ಟಮನ್ ಆಗಿದ್ದೆ. ವಯಸ್ಸು ಅರವತ್ನಾಲ್ಕು. ಹೋದ ತಿಂಗಳು ಲಕ್ವಾ ಹೊಡೆಯಿತು. ಕಾಲು ಬಂತು. ಮಾತೂ ಬಂತು. ಹೆಸರುಗಳು ಬಂದಿಲ್ಲ.

ಇವತ್ತಿಗೆ ಸಾಕು.

೧೧ ಜೂನ್, ಮಂಗಳವಾರ

ಬೆಳಿಗ್ಗೆ ನಾಷ್ಟಾಕ್ಕೆ ———. ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ್ದು. ಮನೆಯವಳನ್ನು ಕೇಳಿದೆ. ಸುಸಲಾ.

೧೪ ಜೂನ್, ಶುಕ್ರವಾರ

ಮಳೆ ಚೆನ್ನಾಗಿ ಆಗಿದೆ. ಮನೆಯವಳು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಟ್ಟಳು. ಹೋಗಿ ಬರುವವರೆಲ್ಲ ನಿಂತು ಮಾತಾಡಿಸಿದರು. “ಹೆಂಗ ಅದೀರಿ? ಗುರ್ತ ಸಿಕ್ತೇನ್ರಿ?” ಗುರುತು ಸಿಗುತ್ತದೆ. ಅವರ ಮನೆ ಎಲ್ಲಿದೆ ಗೊತ್ತು, ಬಾಗಿಲಿನ ಬಣ್ಣ ಗೊತ್ತು, ಅವರಿಗೆ ಎಲ್ಲಿಂದ ಪತ್ರ ಬರುತ್ತಿತ್ತು ಎಂಬುದೂ ಗೊತ್ತು. ಒಬ್ಬನ ಅಣ್ಣ ಮಿಲಿಟರಿಯಲ್ಲಿದ್ದ, ಪತ್ರದ ಮೇಲೆ ಹಸಿರು ಶಾಯಿಯಲ್ಲಿ ವಿಳಾಸ ಬರೆಯುತ್ತಿದ್ದ. ಅಷ್ಟು ಗೊತ್ತು. ಹೆಸರು ಮಾತ್ರ ನಾಲಗೆಗೆ ಬರುವುದಿಲ್ಲ.

ಒಂದು ಕಾಲಕ್ಕೆ ಈ ಊರಿನಲ್ಲಿ ನನಗೆ ಗೊತ್ತಿಲ್ಲದ ಹೆಸರು ಇರಲಿಲ್ಲ. ಒಂದೇ ಓಣಿಯಲ್ಲಿ ಮೂವರು ಚನ್ನಬಸವಣ್ಣ ಇದ್ದರೂ ಲಕೋಟೆ ತಪ್ಪುತ್ತಿರಲಿಲ್ಲ. ಹೆಸರಿನ ಪಕ್ಕದಲ್ಲಿ ಊರು ಇಲ್ಲ, ಓಣಿ ಇಲ್ಲ, ಬರೀ ‘ದೇವಿಹಾಳದವರ ಅಳಿಯ’ ಎಂದಿದ್ದರೂ ಮುಟ್ಟಿಸಿದ್ದೇನೆ. ಆಫೀಸಿನ ಸಾಹೇಬರು ಹೊಸಬರಿಗೆಲ್ಲ ನನ್ನನ್ನೇ ತೋರಿಸಿ, ಇವನ ತಲೆಯಲ್ಲಿ ಇಡೀ ಊರು ಇದೆ ಎನ್ನುತ್ತಿದ್ದರು.

ಊರು ಈಗಲೂ ಇದೆ. ಮನೆಗಳ ಮೇಲಿನ ಬೋರ್ಡು ಮಾತ್ರ ಯಾರೋ ಕಿತ್ತುಕೊಂಡು ಹೋದ ಹಾಗೆ.

೧೮ ಜೂನ್, ಮಂಗಳವಾರ

ಗದಗಿಗೆ ಹೋಗಿದ್ದೆವು. ಇನ್ನು ಮೇಲೆ ಪ್ರತಿ ಮಂಗಳವಾರ ಹೋಗಬೇಕು. ಮಾತಿನ ಡಾಕ್ಟರ ಹೆಸರು ಶೃತಿ. ಅವರ ಕೊರಳಿನ ಕಾರ್ಡು ನೋಡಿ ಕೈಮೇಲೆ ಬರೆದುಕೊಂಡು ಬಂದೆ. ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು.

ಮೇಜಿನ ಮೇಲೆ ಬಟ್ಟಲುಗಳಲ್ಲಿ ಕಾಳುಗಳನ್ನು ಇಟ್ಟಿದ್ದರು. ಒಂದೊಂದನ್ನೇ ತೋರಿಸಿ ಕೇಳುತ್ತ ಹೋದರು. ಕಡಲೆ ಬಂತು. ತೊಗರಿ ಬರಲಿಲ್ಲ. ಆಮೇಲೆ ಹಸಿರು ಕಾಳಿನ ಬಟ್ಟಲು ಮುಂದಕ್ಕೆ ಸರಿಸಿದರು.

“ಇದರ ಹೆಸರೇನು ಸರ್?”

“ಹೆಸರು.”

“ಹೌದು, ಹೆಸರು. ಏನು ಹೇಳಿ?”

“ಹೆಸರು,” ಎಂದೆ.

“ನಿಧಾನಕ್ಕೆ ಸರ್. ನನ್ನ ಮಾತನ್ನೇ ತಿರುಗಿ ಹೇಳಬೇಡಿ. ಕಾಳನ್ನು ನೋಡಿ.”

ನೋಡಿದೆ. ಎಷ್ಟು ನೋಡಿದರೂ ಅದೊಂದೇ ಮಾತು ಬಾಯಿಗೆ ಬರುತ್ತಿತ್ತು. ಸರಿಯಾಗಿ ಹೇಳುತ್ತಿದ್ದೇನೆ ಎಂದು ನನಗೆ ಗೊತ್ತು. ಅದನ್ನು ವಿವರಿಸಲು ಬೇಕಾದ ಮಾತು ಮಾತ್ರ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದ ಮನೆಯವಳು ಎದ್ದು ಬಂದಳು.

“ಬಾಯಾರ, ಅವರು ಖರೇನ ಹೇಳಾಕತ್ತಾರ್ರಿ. ಅದು ಹೆಸರ ಅಲ್ಲೇನ್ರಿ? ಹೆಸರಕಾಳು.”

ಶೃತಿ ಬಟ್ಟಲು ನೋಡಿದರು, ನನ್ನನ್ನು ನೋಡಿದರು, ಹಣೆ ಹಿಡಿದುಕೊಂಡು ನಕ್ಕರು. ಕ್ಷಮಿಸಿ ಸರ್ ಎಂದು ಎರಡು ಸಲ ಹೇಳಿದರು. ಮನೆಯವಳು ಸೆರಗು ಬಾಯಿಗೆ ಹಿಡಿದು ಬಸ್ ಸ್ಟ್ಯಾಂಡ್ ಬರುವವರೆಗೂ ನಗುತ್ತಿದ್ದಳು. ನಾನೂ ನಕ್ಕೆ. ಲಕ್ವಾ ಹೊಡೆದ ಮೇಲೆ ನಕ್ಕದ್ದು ಇದೇ ಮೊದಲು.

೧೯ ಜೂನ್, ಬುಧವಾರ

ಸಮೀವುಲ್ಲಾ ಮಾಸ್ತರರು ಬಂದಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ನನಗಿಂತ ಐದಾರು ವರ್ಷ ದೊಡ್ಡವರು. ನಿತ್ಯ ಸಂಜೆ ಬಂದು ಒಂದು ತಾಸು ಕೂಡುತ್ತಾರೆ. ಅವರ ಹೆಸರು ಹೇಗೋ ಹೋಗಿಲ್ಲ.

ನಿನ್ನೆಯ ಕಾಳಿನ ಕಥೆಯನ್ನು ಮನೆಯವಳು ಹೇಳಿದಳು. ಅವರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪಾಠವನ್ನೇ ಶುರುಮಾಡಿದರು.

“ನೋಡು ಪರಶುರಾಮಣ್ಣ, ಇವು ಎರಡೂ ಬ್ಯಾರೆ ಬ್ಯಾರೆ ಶಬ್ದ. ಹಳೆಗನ್ನಡದಾಗ ಎರಡಕ್ಕೂ ಪೆಸರು ಅಂತಿದ್ರು. ಮುಂದ ಪಕಾರ ಹೋಗಿ ಹಕಾರ ಬಂತು. ಪಾಲು ಹಾಲಾತು, ಪೂವು ಹೂವಾತು, ಪೆಸರು ಹೆಸರಾತು. ನಾವು ಇಡೋ ಹೆಸರಿಗೆ ತಮಿಳಿನವರು ಪೆಯರ್ ಅಂತಾರ, ತೆಲುಗಿನವರು ಪೇರು ಅಂತಾರ. ಕಾಳಿಗೆ ತೆಲುಗಿನವರು ಪೆಸಲು ಅಂತಾರ. ಅಲ್ಲೆ ಎರಡೂ ಬ್ಯಾರೆ ಉಳದಾವು. ನಮ್ಮಲ್ಲಿ ಕೂಡಿಬಿಟ್ಟಾವು.”

“ಅಷ್ಟೇನು?” ಎಂದಳು ಮನೆಯವಳು. “ನಮ್ಮತ್ತಿ ಇದ್ದಾಗ ಏನ ಮಾಡಿದ್ರೂ ಹೆಸರ ಇಡತಿದ್ರು. ಅದೂ ಹೆಸರ ಅಲ್ಲೇನ್ರಿ?”

ತಪ್ಪು ತೆಗೆಯುವುದಕ್ಕೂ ನಮ್ಮ ಕಡೆ ಹೆಸರಿಡುವುದು ಎನ್ನುತ್ತೇವೆ. ಮಾಸ್ತರರಿಗೆ ಹುರುಪು ಬಂತು. ಹೆಸರು ಮಾಡುವುದು, ಹೆಸರು ಕೆಡಿಸುವುದು, ಹೆಸರು ಎತ್ತುವುದು, ಹೆಸರು ಹೇಳುವುದು ಎಂದು ಬೆರಳು ಮಡಚುತ್ತ ಹೋದರು. ಹೆಸರು ಹೇಳುವುದು ಎಂದ ಕೂಡಲೇ ಮನೆಯವಳು ಒಳಗೆ ಹೋದಳು. ಮದುವೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾರಲ್ಲ, ಅದು. ನಮ್ಮ ಮದುವೆಯಲ್ಲಿ ಅವಳೂ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಆಮೇಲೆ ಯಾವತ್ತೂ ಹೇಳಿಲ್ಲ.

೨೫ ಜೂನ್, ಮಂಗಳವಾರ

ಶೃತಿ ಇವತ್ತು ಮನೆಯ ಮಂದಿಯ ಹೆಸರು ಕೇಳಿದರು. ಮಗ ಸುಭಾಷ, ಮುಂಡರಗಿಯಲ್ಲಿ ವಿದ್ಯುತ್ ಇಲಾಖೆಯಲ್ಲಿದ್ದಾನೆ. ಸ್ವಲ್ಪ ತಡೆದು ಹೇಳಿದೆ. ಮೊಮ್ಮಗಳು ಸ್ನೇಹಾ. ಥಟ್ಟನೆ ಬಂತು.

“ನಿಮ್ಮ ಹೆಂಡತಿ ಹೆಸರು ಸರ್?”

ಬರಲಿಲ್ಲ. ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮುಖ ನೋಡಿದೆ, ಬಳೆ ನೋಡಿದೆ. ಏನೂ ಬರಲಿಲ್ಲ.

“ಅಮ್ಮ, ನೀವೇ ಹೇಳಿಕೊಡಿ. ಮೊದಲನೇ ಅಕ್ಷರ ಸಾಕು.”

“ನಾ,” ಎಂದಳು.

“ನಾ... ನಾ...” ಎಂದು ಅಲ್ಲೇ ನಿಂತೆ. ಕೊನೆಗೆ ಅವಳೇ “ನಾಗರತ್ನಾ” ಎಂದಳು, ಬೇರೆ ಯಾರದೋ ಹೆಸರು ಹೇಳುವ ಹಾಗೆ. ನಾನು ಐದು ಸಲ ತಿರುಗಿ ಹೇಳಿದೆ. ಬಸ್ಸು ಮುಳಗುಂದ ದಾಟುವಷ್ಟರಲ್ಲಿ ಮತ್ತೆ ಹೋಗಿತ್ತು. ಈಗ ಅವಳ ಆಧಾರ್ ಕಾರ್ಡು ನೋಡಿ ಬರೆದೆ.

ಶೃತಿ ಹೊರಡುವಾಗ ಹೇಳಿದ್ದು: “ಬೇಜಾರು ಮಾಡ್ಕೋಬೇಡಿ. ಬಾಯಿ ಯಾವುದನ್ನು ಹೆಚ್ಚು ಹೇಳಿರುತ್ತೋ ಅದು ಬೇಗ ಬರುತ್ತೆ. ಮನೇಲಿ ಅಮ್ಮನ್ನ ಏನಂತ ಕರೀತೀರಿ?”

ನಾನು ಅವಳ ಕಡೆ ನೋಡಿದೆ. ಅವಳೇ ಹೇಳಿದಳು. “ಏ ಅಂತಾರ್ರಿ. ಇಲ್ಲಂದ್ರ ಕೇಳಿತೇನ ಅಂತಾರ.”

೨೬ ಜೂನ್, ಬುಧವಾರ

ಓಣಿಯವರು ಅವಳನ್ನು ಸುಭಾಷನ ಅವ್ವ ಎನ್ನುತ್ತಾರೆ. ಆಫೀಸಿನವರಿಗೆ ವೈನಿ. ಸುಭಾಷನ ಹೆಂಡತಿಗೆ ಅತ್ತಿ. ನಾಗರತ್ನಾ ಎಂದು ಯಾರು ಕರೆಯುತ್ತಾರೆ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ರೇಶನ್ ಅಂಗಡಿಯವನು ಕರೆಯುತ್ತಾನೆ. ಬ್ಯಾಂಕಿನವರು ಕರೆಯುತ್ತಾರೆ.

ಆ ಹೆಸರು ಆರಿಸಿದ್ದು ನಾನೇ. ೧೯೮೫ರಲ್ಲಿ ಮದುವೆ. ಅವಳು ಹರ್ತಿಯವಳು. ತವರಿನಲ್ಲಿ ಇಟ್ಟಿದ್ದ ಹೆಸರು ನಮ್ಮ ಮುತ್ತಜ್ಜಿಯ ಹೆಸರೇ ಆಗಿತ್ತು. ನಮ್ಮವ್ವ ಬೀಗರ ಎದುರಿಗೇ ಹೇಳಿದಳು: “ಅದು ನಮ್ಮ ಹಿರೀಕರ ಹೆಸರು. ಆ ಹೆಸರ ಹಿಡದು ಸೊಸಿನ್ನ ಬೈಯಾಕ ನನ್ನ ಬಾಯಿ ಬರಂಗಿಲ್ಲ. ಬ್ಯಾರೆ ಇಡೂಣು.” ಯಾವುದು ಎಂದು ನನ್ನನ್ನು ಕೇಳಿದರು. ಬಸ್ತಿ ಓಣಿಯಲ್ಲಿ ಒಬ್ಬ ಟೀಚರಿಗೆ ಪ್ರತಿ ವಾರ ಲಕೋಟೆ ಬರುತ್ತಿತ್ತು. ಮುತ್ತಿನಂಥ ಅಕ್ಷರದಲ್ಲಿ ನಾಗರತ್ನಾ ಎಂದು ಬರೆದಿರುತ್ತಿತ್ತು. ನೋಡಲು ಬಹಳ ಚಂದ ಇತ್ತು. ಅದನ್ನೇ ಹೇಳಿದೆ.

ನೋಡಲು ಚಂದ ಇತ್ತು, ಅಷ್ಟೇ. ಕರೆಯಲಿಲ್ಲ.

೪ ಜುಲೈ, ಗುರುವಾರ

ಮಾಸ್ತರರು ನನ್ನನ್ನು ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋದರು. ದಿನಾ ಅಷ್ಟು ನಡೆಯಬೇಕಂತೆ. ನಾನು ಸೈಕಲ್ಲಿನ ಮೇಲೆ ಗುಡಿಯ ಸುತ್ತ ಎಷ್ಟು ಸಾವಿರ ಸಲ ತಿರುಗಿದ್ದೇನೋ. ಒಳಗೆ ಕಲ್ಲಿನ ಶಾಸನದ ಎದುರು ನಿಂತದ್ದು ಇವತ್ತೇ. ಮಾಸ್ತರರು ಸವೆದ ಒಂದು ಸಾಲಿನ ಮೇಲೆ ಬೆರಳಾಡಿಸಿ, ಇಲ್ಲಿ ಪೆಸರ್ ಎಂದಿದೆ ನೋಡು ಎಂದರು. ನನಗೆ ಅಕ್ಷರ ತಿಳಿಯಲಿಲ್ಲ. ಆದರೂ ಬೆರಳಿಟ್ಟೆ. ಕಲ್ಲು ತಣ್ಣಗಿತ್ತು.

“ಯಾರ ಹೆಸರ್ರಿ?”

“ಅದ ಹೋಗೇತಿ,” ಎಂದರು. “ಹೆಸರು ಅನ್ನೋ ಶಬ್ದ ಉಳದೈತಿ, ಯಾರದು ಅನ್ನೋದು ಒಡದೈತಿ. ಗಂಡಸರ ಹೆಸರ ಇರಬೇಕು. ಹೆಂಗಸರವೂ ಅದಾವು ಕೆಲವು, ದಾನ ಕೊಟ್ಟವರವು.”

ಬರುವಾಗ ಹೂವಿನ ಅಂಗಡಿಯ ಜಾಹೀದ ಸಿಕ್ಕ. ಅವನ ಹೆಸರು ತಾನಾಗಿಯೇ ಬಂತು. ಅವನ ತಂದೆಯ ಮನಿಆರ್ಡರು ಮುಂಬೈಯಿಂದ ಬರುತ್ತಿದ್ದಾಗ ಇವನು ಚಡ್ಡಿ ಹಾಕಿಕೊಂಡು ಓಡಿ ಬಂದು ನನ್ನ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದ. ಜಾಹೀದ ಎಂದು ಕರೆದದ್ದಕ್ಕೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಒಂದು ಮೊಳ ಮಲ್ಲಿಗೆ ಪುಕ್ಕಟೆ ಕಟ್ಟಿಕೊಟ್ಟ. ಮನೆಗೆ ತಂದು ಅವಳ ಕೈಗೆ ಕೊಟ್ಟೆ. ದೇವರಿಗೆ ಏರಿಸಿದಳು. ಸ್ವಲ್ಪ ತಾನೂ ಮುಡಿದಳು.

೯ ಜುಲೈ, ಮಂಗಳವಾರ

ಇವತ್ತು ಗದಗಿಗೆ ಹೋಗಲಿಲ್ಲ. ಮಳೆ ಹಿಡಿದಿತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಂದು ರೊಟ್ಟಿ ಬೇಕಾಗಿತ್ತು. ಕರೆಯಲು ಬಾಯಿ ತೆರೆದೆ. ಬಾಯಿಂದ ಬಂದದ್ದು “ಹನಮಂತವ್ವ.”

ಬಡಿಯುವ ಸಪ್ಪಳ ನಿಂತಿತು. ಆಮೇಲೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ಏನಂದ್ರಿ?”

“ರೊಟ್ಟಿ,” ಎಂದೆ.

ರೊಟ್ಟಿ ಹಾಕಿ ಒಳಗೆ ಹೋದಳು. ಮತ್ತೆ ಬಡಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಅದು ಅವಳ ತವರಿನ ಹೆಸರು. ನಾನು ಅದನ್ನು ಯಾವತ್ತೂ ಕರೆದವನಲ್ಲ. ಬಾಯಿ ಹೆಚ್ಚು ಹೇಳಿದ್ದೇ ಬೇಗ ಬರುತ್ತದೆ ಎಂದಿದ್ದರು ಶೃತಿ. ಹೇಳದೇ ಇದ್ದದ್ದು ಹೇಗೆ ಬಂತು? ಎಲ್ಲಿ ಓದಿದ್ದೆ?

೧೦ ಜುಲೈ, ಬುಧವಾರ

ಎಲ್ಲಿ ಓದಿದ್ದೆ ಎಂಬುದು ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

೧೯೮೬, ಮದುವೆಯ ಮರುವರ್ಷ, ಪಂಚಮಿ ಇನ್ನೂ ಮೂರು ನಾಲ್ಕು ದಿನ ಇತ್ತು. ಬೆಳಿಗ್ಗೆ ಟಪಾಲು ಬೇರ್ಪಡಿಸುವಾಗ ನಮ್ಮ ಮನೆಯದೇ ವಿಳಾಸದ ಒಂದು ಇನ್‌ಲ್ಯಾಂಡ್ ಕೈಗೆ ಬಂತು. ನೀಲಿ ಪತ್ರ, ಹರ್ತಿಯ ಮುದ್ರೆ. ಎಡಕ್ಕೆ ವಾಲಿದ ದಪ್ಪ ದಪ್ಪ ಅಕ್ಷರ. ‘ಹನಮಂತವ್ವ, ಪರಶುರಾಮ ಪೋಸ್ಟಮನ್ ಇವರ ಮನಿ, ಲಕ್ಷ್ಮೇಶ್ವರ.’ ಮಾವನವರು ದೊಡ್ಡವರಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು.

ಮನೆಗೆ ತಂದೆ. ಅವಳು ನೀರಿಗೆ ಹೋಗಿದ್ದಳು. ನಮ್ಮವ್ವ ಯಾರ ಪತ್ರ ಎಂದು ಕೇಳಿ, ಮೇಲಿನ ವಿಳಾಸ ಓದಿಸಿಕೊಂಡು ಸಿಟ್ಟಾದಳು. “ಹೆಸರ ಬದಲಿ ಮಾಡೇವಿ ಅಂತ ಗೊತ್ತಿದ್ದೂ ಹಿಂಗ ಬರೀತಾರಂದ್ರ ಏನರ್ಥ? ಆ ಹೆಸರಿನಾಕಿ ನಮ್ಮ ಮನ್ಯಾಗ ಇಲ್ಲ. ವಾಪಸ್ ಕಳಸು.”

ಅವ್ವನ ಮೇಲೆ ಹಾಕುವುದು ಸುಲಭ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು. ನನಗೂ ಸಿಟ್ಟು ಬಂದಿತ್ತು. ನಾನು ಆರಿಸಿದ ಹೆಸರು ಅವರಿಗೆ ಬೇಡವಾಯಿತಲ್ಲ ಎಂದು. ಆಫೀಸಿಗೆ ಹೋಗಿ ಪತ್ರದ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ‘ಈ ಹೆಸರಿನವರು ಈ ವಿಳಾಸದಲ್ಲಿ ಇಲ್ಲ. ವಾಪಸು.’ ಕೆಳಗೆ ಸಹಿ ಮಾಡಿ, ತಾರೀಖು ಹಾಕಿ ಚೀಲಕ್ಕೆ ಹಾಕಿದೆ.

ಅವಳಿಗೆ ಹೇಳಲಿಲ್ಲ. ಆ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಅವಳು ಬಾಗಿಲಲ್ಲಿ ಕುಳಿತು ಎರಡು ದಿನ ಕಾದಳು. ಓಣಿಯ ಹುಡುಗಿಯರೆಲ್ಲ ಜೋಕಾಲಿ ಆಡುತ್ತಿದ್ದರು. ನಾನು ನೋಡಿಯೂ ಡ್ಯೂಟಿಗೆ ಹೋದೆ.

೧೬ ಜುಲೈ, ಮಂಗಳವಾರ

ಬರೆಯಲು ಮನಸ್ಸಿಲ್ಲ. ದಿನಾ ಬರೆಯುತ್ತಿದ್ದೀರಾ ಎಂದು ಶೃತಿ ಕೇಳಿದರು. ಹೆಸರು ನೆನಪಾಗುತ್ತಿವೆ ಎಂದೆ. ಅವರಿಗೆ ಸಂತೋಷವಾಯಿತು.

೨೩ ಜುಲೈ, ಮಂಗಳವಾರ

ಹೇಳಿಬಿಟ್ಟೆ.

ಗದಗಿನಿಂದ ಬಂದ ಮೇಲೆ ಅವಳು ಪಡಸಾಲೆಯಲ್ಲಿ ಮೆಂತ್ಯ ಸೋಸುತ್ತ ಕುಳಿತಿದ್ದಳು. ಎದುರಿಗೆ ಹೋಗಿ ಕುಳಿತೆ. ಬಹಳ ಹೊತ್ತು ಮಾತು ಕೂಡಲಿಲ್ಲ. ಲಕ್ವಾದಿಂದಲೋ ಹೆದರಿಕೆಯಿಂದಲೋ ಗೊತ್ತಿಲ್ಲ.

“ಹರ್ತಿಯಿಂದ... ನಿಮ್ಮಪ್ಪ. ಒಂದ ಪತ್ರ. ನಾ ಅದನ್ನ...”

“ಗೊತ್ತೈತಿ,” ಎಂದಳು. ಕೈ ನಿಲ್ಲಿಸಲಿಲ್ಲ.

“ಏನ ಗೊತ್ತೈತಿ?”

“ವಾಪಸ್ ಕಳಿಸಿದ್ದು. ಅಪ್ಪ ಸತ್ತಾಗ ನಾ ಹೋಗಿದ್ನೆಲ್ಲ, ಅವನ ಟ್ರಂಕಿನ್ಯಾಗ ಇತ್ತು. ತಮ್ಮ ದೇವಪ್ಪ ತೋರಿಸಿದ. ನಿಮ್ಮ ಅಕ್ಷರ ನನಗ ಗುರ್ತ ಸಿಗಂಗಿಲ್ಲೇನು?”

ಮಾವನವರು ತೀರಿಕೊಂಡದ್ದು ಮರುವರ್ಷದ ಬೇಸಿಗೆಯಲ್ಲಿ. ಅಂದರೆ ಮೂವತ್ತೇಳು ವರ್ಷದಿಂದ ಅವಳಿಗೆ ಗೊತ್ತು.

“ಅದರಾಗ ಏನ ಬರದಿದ್ದ ಅಂತ ನಿಮ್ಗ ಗೊತ್ತೇನು?” ಎಂದು ಕೇಳಿದಳು. ಗೊತ್ತಿಲ್ಲ ಎಂದು ತಲೆ ಆಡಿಸಿದೆ.

“ಎತ್ತಿನ ಕಾಲ ಕೆಟ್ಟಾವು, ಕರಿಯಾಕ ಬರಾಕ ಆಗಂಗಿಲ್ಲ. ಪಂಚಮಿ ದಿನ ಮುಂಜಾನೆ ಬಸ್ಸಿಗೆ ಬಾ, ನಾ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ ಅಂತ ಬರದಿದ್ದ. ಪತ್ರ ವಾಪಸ್ ಮುಟ್ಟಿದ್ದು ಪಂಚಮಿ ಆದಮ್ಯಾಲೆ. ಅದಕ್ಕ ಆ ದಿನ ಹೋಗಿ ನಿಂತಿದ್ನಂತ. ಮಧ್ಯಾಹ್ನದ ಬಸ್ಸಿಗೂ ನಿಂತ, ಸಂಜೀ ಬಸ್ಸಿಗೂ ನಿಂತ.”

ತಪ್ಪಾಯಿತು ಎನ್ನುವ ಮಾತು ಸಿಕ್ಕಿತು, ಅದನ್ನು ಅಂದೆ. ಅವಳು ಸೋಸಿದ ಸೊಪ್ಪನ್ನು ಒಂದು ಕಡೆ ಸರಿಸಿದಳು.

“ಅತ್ತಿ ಹೇಳಿರಬೇಕು ಅಂತ ನನಗ ಗೊತ್ತಾತು. ಅದಕ್ಕ ಏನೂ ಅನಸಲಿಲ್ಲ. ಆದ್ರ ಎಷ್ಟ ಚಂದ ಬರದಿದ್ರಿ. ಗೆರಿ ಎಳದಂಗ. ಒಂದಕ್ಷರ ಸೊಟ್ಟ ಇದ್ದಿದ್ದಿಲ್ಲ. ನಾ ಇಲ್ಲ ಅಂತ ಅಷ್ಟ ಚಂದ ಅಕ್ಷರದಾಗ ಬರೀಬಾರದಿತ್ತು.”

ಎದ್ದು ಒಳಗೆ ಹೋದಳು.

೨೪ ಜುಲೈ, ಬುಧವಾರ

ಚಹಾ ಕೊಟ್ಟಳು. ಗುಳಿಗೆ ಕೊಟ್ಟಳು.

೫ ಆಗಸ್ಟ್, ಸೋಮವಾರ

ಶ್ರಾವಣ ಹಿಡಿಯಿತು. ಹರ್ತಿಯಿಂದ ದೇವಪ್ಪ, ಹನಮಂತವ್ವನ ತಮ್ಮ, ಅವಳನ್ನು ಪಂಚಮಿಗೆ ಕರೆಯಲು ಬಂದಿದ್ದ. ಪ್ರತಿ ವರ್ಷ ಬರುತ್ತಾನೆ. ಪ್ರತಿ ವರ್ಷ ಅವಳು ಮನೆ ಬಿಟ್ಟು ಬರಲು ಆಗುವುದಿಲ್ಲ ಎಂದು ಚಹಾ ಕುಡಿಸಿ ಕಳಿಸುತ್ತಾಳೆ. ಲಗ್ನ, ಸಾವು ಎಂದರೆ ಹೋಗಿ ಅವತ್ತೇ ಬರುತ್ತಾಳೆ. ಹಬ್ಬಕ್ಕೆ ಹೋದದ್ದಿಲ್ಲ. ಮನೆಯ ಕೆಲಸ ಅಡ್ಡ ಬರುತ್ತದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಈ ಸಲ ಅವನು ಬಾಯಿ ತೆರೆಯುವ ಮೊದಲೇ ಹನಮಂತವ್ವ ಚೀಲ ತುಂಬಿಕೊಂಡು ಹೊರಗೆ ಬಂದಳು.

“ಸುಭಾಷ ಎರಡ ದಿನಕ್ಕೊಮ್ಮೆ ಬಂದು ಹೋಗ್ತಾನ. ಮಾಸ್ತರ ಮನಿಯಿಂದ ಊಟ ಬರ್ತೈತಿ, ಹೇಳೇನಿ. ಗುಳಿಗಿ ಡಬ್ಬ್ಯಾಗ ಅದಾವು.”

“ಯಾವಾಗ ಬರ್ತಿ?” ಎಂದೆ.

“ನೋಡೂಣು.”

ದೇವಪ್ಪ ನನ್ನ ಮುಖ ನೋಡಿದ. ನಾನು ಅವಳಿಗೆ ಹೋಗಿ ಬಾ ಎಂದೆ.

೯ ಆಗಸ್ಟ್, ಶುಕ್ರವಾರ. ಪಂಚಮಿ

ಸುಭಾಷನ ಹೆಂಡತಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಕಳಿಸಿದ್ದಳು. ಎಲ್ಲದರ ಹೆಸರೂ ಯಾರನ್ನೂ ಕೇಳದೆ ಬರೆದಿದ್ದೇನೆ.

ಫೋನು ಮಾಡಿದೆ. “ಉಂಡ್ರೇನು? ಗುಳಿಗಿ ತಗೊಂಡ್ರಿ?” ಎಂದಳು. ಹಿಂದೆ ಹೆಂಗಸರು ನಗುವ ಸದ್ದು ಕೇಳಿಸುತ್ತಿತ್ತು. ಜೋಕಾಲಿ ಕಟ್ಟಿದ್ದಾರೆಯೇ ಎಂದು ಕೇಳಬೇಕೆಂದಿದ್ದೆ. ಜೋಕಾಲಿ ಎಂಬ ಮಾತು ಫೋನು ಇಟ್ಟ ಮೇಲೆ ಬಂತು.

ಕಟ್ಟೆಯ ಮೇಲೆ ಕುಳಿತಾಗ ಹಳೆಯದೆಲ್ಲ ನೆನಪಾಗುತ್ತಿತ್ತು. ನಮ್ಮೂರು ಅಡರಕಟ್ಟಿಯಲ್ಲಿ ನಾನು ಸಣ್ಣವನಿದ್ದಾಗ ಅಕ್ಕಂದಿರು ತವರಿಗೆ ಬರುತ್ತಿದ್ದರು. ಅವರು ಹೊಸ್ತಿಲು ದಾಟಿದ ಕೂಡಲೇ ಅವ್ವ ಹಳೆಯ ಹೆಸರು ಹಿಡಿದೇ ಕರೆಯುತ್ತಿದ್ದಳು. ಸೊಸೆಯ ಹೆಸರು ಬದಲಿಸಿದ ಅದೇ ಅವ್ವ. ಮಗಳಂದಿರ ಹೆಸರನ್ನು ಅವರ ಅತ್ತೆಯರು ಬದಲಿಸಿದ್ದಕ್ಕೆ ವರ್ಷಗಟ್ಟಲೆ ಅತ್ತಿದ್ದಳು. ಎರಡೂ ಒಂದೇ ಎಂದು ಅವಳಿಗೆ ಯಾಕೆ ಹೊಳೆಯಲಿಲ್ಲವೋ. ನನಗೇ ಹೊಳೆದಿರಲಿಲ್ಲ.

೧೪ ಆಗಸ್ಟ್, ಬುಧವಾರ

ಹನಮಂತವ್ವ ಇನ್ನೂ ಬಂದಿಲ್ಲ. ನಿನ್ನೆ ಗದಗಿಗೆ ಸುಭಾಷನ ಜೊತೆ ಹೋಗಿದ್ದೆ. ಶೃತಿ ಮತ್ತೆ ಕೇಳಿದರು, ಹೆಂಡತಿಯ ಹೆಸರು. ಹೇಳಿದೆ. ಅವರು ತಮ್ಮ ಕಾಗದ ನೋಡಿ ತಪ್ಪು ಎಂದರು. ತಪ್ಪಲ್ಲ ಎಂದೆ. ಸುಭಾಷನೂ ನನ್ನ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ.

ಸಂಜೆ ಮಾಸ್ತರರು ಬಂದಾಗ ಎಲ್ಲ ಹೇಳಿದೆ, ಕೆಂಪು ಶಾಯಿಯ ಸಮೇತ.

“ಕರಕೊಂಡ ಬರಾಕ ಹೋಗ್ತಿಯೇನು?” ಎಂದು ಕೇಳಿದರು.

“ಕರಕೊಂಡ ಬರಾಕ ಅಲ್ರಿ. ಸುಮ್ನ ಹೋಗ್ತೀನಿ.”

“ಒಬ್ಬಾಂವ?”

“ಒಬ್ಬಾಂವ.”

೧೮ ಆಗಸ್ಟ್, ರವಿವಾರ. ಹರ್ತಿ

ಇದನ್ನು ದೇವಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ಬಂದೆ.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದ. ಊರಿನ ಹೆಸರು ಬರಲಿಲ್ಲ. ಹ ಎಂಬಲ್ಲಿಗೆ ನಿಂತಿತು. “ಹುಬ್ಬಳ್ಳಿಗೇನ್ರಿ? ಈ ಬಸ್ಸ ಹೋಗಂಗಿಲ್ರಿ. ಹುಲಕೋಟಿ?” ಹಿಂದಿನ ಸೀಟಿನ ಹೆಂಗಸು ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಬಂದಳು. ಹರ್ತಿ ಎಂದ ಕೂಡಲೇ ಕೈ ಎತ್ತಿದೆ. ಮೂವತ್ತೈದು ವರ್ಷ ಬೇರೆಯವರ ವಿಳಾಸ ಹುಡುಕಿಕೊಟ್ಟವನಿಗೆ ಬಸ್ಸೆಲ್ಲ ಸೇರಿ ವಿಳಾಸ ಹುಡುಕಿಕೊಟ್ಟಿತು.

ಅಳಿಯನಾಗಿ ಈ ಊರಿಗೆ ಬಂದದ್ದು ನಾಲ್ಕೈದು ಸಲ ಇರಬಹುದು, ಅದೂ ಕಾರಿನಲ್ಲಿ ಬಂದು ಹಾಗೇ ಹೋದದ್ದು. ಸ್ಟ್ಯಾಂಡಿನಲ್ಲಿ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಮಾವನವರು ನಿಂತಿ‌ದ್ದದ್ದು ಎಲ್ಲಿ ಇರಬಹುದು ಎಂದು ನೋಡಿದೆ. ಈಗ ಅಲ್ಲಿ ಶೆಡ್ ಇದೆ. ಆಗ ಇರಲಿಕ್ಕಿಲ್ಲ. ಮಳೆಯಲ್ಲೇ ನಿಂತಿರಬೇಕು.

ಓಣಿಗಳ ಗುರುತು ಸಿಗಲಿಲ್ಲ. ಊರ ಬಾಗಿಲಲ್ಲಿ ಅಗಸಿಯ ಕಟ್ಟೆಯ ಮೇಲೆ ಒಬ್ಬ ಮುದುಕರು ಕುಳಿತಿದ್ದರು, ಹುಚ್ಚಪ್ಪ ಎಂದು ಆಮೇಲೆ ತಿಳಿಯಿತು. “ಯಾರ ಮನಿಗಿ ಹೋಗಬೇಕ್ರಿ?” ಎಂದು ಕೇಳಿದರು. ದೇವಪ್ಪನ ಹೆಸರು ಅಷ್ಟು ಹೊತ್ತಿಗೆ ತಲೆಯಿಂದ ಹೋಗಿತ್ತು.

“ಹನಮಂತವ್ವನ ಮನಿಗಿ.”

“ಯಾವ ಹನಮಂತವ್ವ? ಊರಾಗ ನಾಕ ಮಂದಿ ಅದಾರ.”

“ಲಕ್ಷ್ಮೇಶ್ವರಕ್ಕ ಕೊಟ್ಟ ಹನಮಂತವ್ವ. ನಾ ಆಕಿ ಗಂಡ.”

ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಟಪಾಲಿನವರೇನು?” ಎಂದರು. ಹೌದು ಎಂದೆ. ಇನ್ನೇನಾದರೂ ಹೇಳುತ್ತಾರೆಂದು ಕಾದೆ. “ಬಿಸಲಾಗ ನಿಂದರಬ್ಯಾಡ್ರಿ. ಎಲ್ಲಾರೂ ಹೊಲಕ್ಕ ಹೋಗ್ಯಾರ. ಬರ್ರಿ, ತೋರಿಸ್ತೀನಿ,” ಎಂದು ಕೋಲು ಊರಿಕೊಂಡು ಮುಂದೆ ನಡೆದರು.

ಹೊಲದಲ್ಲಿ ಏಳೆಂಟು ಹೆಂಗಸರು ಸಾಲು ಹಿಡಿದು ಹೆಸರಿನ ಕಾಯಿ ಬಿಡಿಸುತ್ತಿದ್ದರು. ಹುಚ್ಚಪ್ಪನವರು ಬದುವಿನಲ್ಲೇ ನಿಂತು, “ಹನಮವ್ವಾ, ಯಾರ ಬಂದಾರ ನೋಡು,” ಎಂದು ಕೂಗಿದರು. ನಡುವಿನಿಂದ ಒಬ್ಬಳು “ಓ” ಎಂದು ಎದ್ದು ನಿಂತಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಮೊದಲು ನನಗೆ ಗುರುತೇ ಸಿಗಲಿಲ್ಲ. ಆ ‘ಓ’ ನಾನು ಕೇಳಿದ ಧ್ವನಿಯಲ್ಲ. ನಮ್ಮ ಮನೆಯಲ್ಲಿ ನಾನು ಕೂಗಿದರೆ ಅವಳು ‘ಏನು’ ಎನ್ನುತ್ತಾಳೆ, ಇಲ್ಲವೇ ಸುಮ್ಮನೆ ಬಂದು ನಿಲ್ಲುತ್ತಾಳೆ. ಇದು ಎದೆಯಿಂದ ಎದ್ದು ಬಂದದ್ದು, ಹದಿನೆಂಟರ ಹುಡುಗಿಯದು.

ನನ್ನನ್ನು ನೋಡಿ ಗಾಬರಿಯಾಗಿ ಓಡಿ ಬಂದಳು. “ಒಬ್ಬರ ಬಂದ್ರಿ? ಗುಳಿಗಿ ತಂದೀರೇನು?”

ಗುಳಿಗೆ ತಂದಿರಲಿಲ್ಲ.

೧೯ ಆಗಸ್ಟ್, ಸೋಮವಾರ. ಹರ್ತಿ

ಸುಭಾಷ ಬೆಳಿಗ್ಗೆ ಗುಳಿಗೆ ತಂದುಕೊಟ್ಟು ಹೋದ. ಇನ್ನೂ ಎಷ್ಟು ದಿನ ಇರುತ್ತೀರಿ ಎಂದು ಕೇಳಿದ. ಹನಮಂತವ್ವ, “ಬಿಡಿಸೋದು ಮುಗೀಲಿ,” ಎಂದಳು. ನಾನು ಯಾವ ಬಸ್ಸಿಗೆ ಹೋಗಬೇಕೆಂದು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಪಡಸಾಲೆಯಲ್ಲಿ ನನ್ನ ಹಾಸಿಗೆ ಹಾಕಿದ್ದಾರೆ.

ದೇವಪ್ಪನ ಸೊಸೆ ಸಣ್ಣ ವಯಸ್ಸಿನವಳು, ಗಂಡನನ್ನು ಹೆಸರು ಹಿಡಿದೇ ವೀರು ವೀರು ಎಂದು ಕರೆಯುತ್ತಾಳೆ. ರೊಟ್ಟಿ ಮಾಡುವಾಗ ಹನಮಂತವ್ವನನ್ನು ಕಾಡುತ್ತಿದ್ದಳು, ನನಗೆ ಇಲ್ಲಿಗೆ ಕೇಳಿಸುತ್ತಿತ್ತು.

“ನೀವೂ ಒಮ್ಮೆ ಮಾವಾರ ಹೆಸರ ಹಿಡದು ಕರೀರಿ ನೋಡೂಣು. ಅವರು ನಿಮ್ಮ ಹೆಸರ ಹೇಳಕೊಂತ ಊರತುಂಬ ಅಡ್ಡಾಡ್ಯಾರಂತ.”

“ನಾ ಕರಿಯಂಗಿಲ್ಲವಾ,” ಎಂದಳು ಹನಮಂತವ್ವ. “ಅವರ ಕರದ್ರಂತ ನಾ ಯಾಕ ಕರೀಲಿ? ಅದು ನನಗ ಬಿಟ್ಟದ್ದು.”

ಅದು ಸರಿ ಎನಿಸಿತು.

ಮಧ್ಯಾಹ್ನ ಎಲ್ಲರೂ ಮತ್ತೆ ಹೊಲಕ್ಕೆ ಹೊರಟರು. ಅವಳು ಅಂಗಳದಲ್ಲಿ ಕೊಡಕ್ಕೆ ನೀರು ತುಂಬುತ್ತಿದ್ದಳು. ನಾನು ಕಟ್ಟೆಯಿಂದ ಹೆಸರು ಹಿಡಿದು ಕರೆದೆ. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ಬೇರೆ ಯಾರೋ ಎಂದುಕೊಂಡಳೋ, ತಿರುಗಲಿಲ್ಲ. ಇನ್ನೊಮ್ಮೆ ಕರೆದೆ, ಸ್ವಲ್ಪ ಗಟ್ಟಿಯಾಗಿ.

“ಓ,” ಎಂದಳು.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. “ಯಾಕ ಕರದ್ರಿ?”

“ಏನಿಲ್ಲ,” ಎಂದೆ.

ಮುಂದೆ ಹೋದವರು ಹೊರಗಿನಿಂದ ಅವಳನ್ನು ಕೂಗುತ್ತಿದ್ದರು. ಬಂದೆ ಬಂದೆ ಎಂದು ಉತ್ತರ ಕೊಟ್ಟು, ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು.